ಮಕ್ಕಳ ಮನೆಯ ತಾಯಿ: ಮರಿಯಾ ಮಾಂಟೆಸ್ಸೊರಿ

ಮಗುವಿಗೆ ತಾಯಿಯೇ ಮೊದಲ ಗುರುವೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಸಮಯ ಬಂದಾಗ ನಾವೂ ಆಡುತ್ತೇವೆ. ಆದರೆ ಆ ಗುರು ದಿನವಿಡೀ ಮನೆಯಲ್ಲಿ ಮಗುವಿನೊಡನೆ ಏನು ಮಾಡಬೇಕು, ಯಾವುದನ್ನು ಮಾಡದೆ ಸುಮ್ಮನೆ ಕುಳಿತಿರಬೇಕು ಎಂಬುದನ್ನು ಆಳವಾಗಿ ಯೋಚಿಸಿದವರು ವಿರಳ. ಈ ಪ್ರಶ್ನೆಗೆ ತಮ್ಮ ಬಾಳನ್ನೇ ಮುಡಿಪಾಗಿಟ್ಟು ಉತ್ತರ ಹುಡುಕಿದವರು ಇಟಲಿ ದೇಶದ ಡಾಕ್ಟರ್ ಮರಿಯಾ ಮಾಂಟೆಸ್ಸೊರಿಯವರು. ವಿಧಿಯ ವೈಚಿತ್ರ್ಯವೆಂದರೆ, ಲೋಕದ ತಾಯಂದಿರಿಗೆಲ್ಲ ದಾರಿ ತೋರಿದ ಈಕೆಗೆ ತಮ್ಮ ಒಬ್ಬನೇ ಮಗನನ್ನು ಮಡಿಲಲ್ಲಿಟ್ಟುಕೊಂಡು ಬೆಳೆಸುವ ಭಾಗ್ಯ ದೊರೆಯಲಿಲ್ಲ. ಆ ಮಹನೀಯೆಯ ಚರಿತ್ರೆಯನ್ನು ಸಂಗ್ರಹವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಮರಿಯಾ ಹುಟ್ಟಿದುದು 1870ನೆಯ ಇಸವಿ ಆಗಸ್ಟ್ 31ನೆಯ ತಾರೀಖು, ಇಟಲಿಯ ಆಂಕೋನಾ ಪಟ್ಟಣದ ಬಳಿಯ ಕಿಯಾರವಲ್ಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರ್ಕಾರಿ ನೌಕರ; ಹಳೆಯ ಕಾಲದ ಶಿಸ್ತಿನ ಮನುಷ್ಯ. ತಾಯಿ ರೆನಿಲ್ದೆ ಪುಸ್ತಕಪ್ರೇಮಿ. ಮಗಳು ತನಗಿಂತ ಹೆಚ್ಚು ಓದಬೇಕೆಂದು ಆಸೆಪಟ್ಟವರು. ಮರಿಯಾ ಐದು ವರ್ಷದ ಕೂಸಾಗಿದ್ದಾಗ ಸಂಸಾರ ರೋಮ್ ನಗರಕ್ಕೆ ಬಂದು ನೆಲೆಸಿತು. ಆ ಕಾಲದಲ್ಲಿ ಓದಿದ ಹೆಣ್ಣುಮಕ್ಕಳಿಗಿದ್ದುದು ಒಂದೇ ದಾರಿ, ಉಪಾಧ್ಯಾಯಿನಿಯಾಗುವುದು. ತಂದೆಯೂ ಅದನ್ನೇ ಬಯಸಿದರು. ಆದರೆ ಮಗಳು ಆ ಒಂದು ಕೆಲಸವನ್ನು ಮಾತ್ರ ಎಂದೆಂದಿಗೂ ಮಾಡುವುದಿಲ್ಲವೆಂದು ಹಟ ಹಿಡಿದಳು! ಗಣಿತದಲ್ಲಿ ಒಲವಿದ್ದುದರಿಂದ ಗಂಡುಮಕ್ಕಳ ತಾಂತ್ರಿಕ ಶಾಲೆಗೆ ಸೇರಿದಳು. ಎಂಜಿನಿಯರ್ ಆಗಬೇಕೆಂದಿದ್ದವಳು ಮುಂದೆ ಮನಸ್ಸು ಬದಲಿಸಿ ವೈದ್ಯಶಾಸ್ತ್ರವನ್ನು ಓದುವೆನೆಂದಳು. ತಂದೆಗೆ ಇದು ಇನ್ನೂ ಅಸಮ್ಮತವಾಯಿತು. ತಾಯಿ ಮಾತ್ರ ಮಗಳ ಬೆನ್ನಿಗೆ ನಿಂತರು.

ರೋಮ್ ವಿಶ್ವವಿದ್ಯಾನಿಲಯದ ವೈದ್ಯ ವಿಭಾಗದಲ್ಲಿ ಹೆಣ್ಣೊಬ್ಬಳು ಓದುವುದೆಂದರೆ ಸಣ್ಣ ಮಾತಾಗಿರಲಿಲ್ಲ. ಗಂಡಸರೊಡನೆ ಕೂಡಿ ಹೆಣಗಳನ್ನು ಕೊಯ್ದು ನೋಡುವುದು ಹೆಣ್ಣಿಗೆ ತಕ್ಕುದಲ್ಲವೆಂಬ ಭಾವನೆಯಿಂದ, ಎಲ್ಲರೂ ಮನೆಗೆ ಹೋದ ಮೇಲೆ ಸಂಜೆಯಲ್ಲಿ ಒಬ್ಬಳೇ ಆ ಕೊಠಡಿಯಲ್ಲಿ ನಿಂತು ಕೆಲಸ ಮಾಡಬೇಕಾಗುತ್ತಿತ್ತು. ಸಹಪಾಠಿಗಳ ಕುಚೋದ್ಯವನ್ನೂ ಸಹಿಸಬೇಕಾಗಿತ್ತು. ಕೊನೆಯ ವರ್ಷ ಎಲ್ಲ ವಿದ್ಯಾರ್ಥಿಗಳಂತೆ ಸಭೆಯ ಮುಂದೆ ಉಪನ್ಯಾಸವನ್ನು ಕೊಡಬೇಕಾಗಿ ಬಂದಾಗ, ಅಷ್ಟು ದಿನ ಮುನಿಸಿಕೊಂಡಿದ್ದ ತಂದೆಯೂ ಬಂದು ಕುಳಿತು ಕೇಳಿದರು. ಮಗಳ ಮಾತಿಗೆ ಸಭೆ ತಲೆದೂಗಿತು. ಜನ ತಂದೆಯ ಸುತ್ತ ನೆರೆದು ಅಭಿನಂದಿಸಿದರು. ಅಂದಿನಿಂದ ಅವರ ಮನಸ್ಸು ಕರಗಿತು. 1896ರಲ್ಲಿ ಮರಿಯಾ ವೈದ್ಯ ಪದವಿಯನ್ನು ಪಡೆದು, ಇಟಲಿಯ ಮೊತ್ತಮೊದಲ ಮಹಿಳಾ ವೈದ್ಯರ ಸಾಲಿನಲ್ಲಿ ನಿಂತರು.

ಆಸ್ಪತ್ರೆಯ ಕೆಲಸದ ನಿಮಿತ್ತ ರೋಮಿನ ಹುಚ್ಚಾಸ್ಪತ್ರೆಗಳಿಗೆ ಹೋಗಿಬರುತ್ತಿದ್ದಾಗ ಅವರ ಬಾಳಿನ ದಿಕ್ಕನ್ನೇ ಬದಲಿಸಿದ ನೋಟವೊಂದು ಕಣ್ಣಿಗೆ ಬಿತ್ತು. ಬುದ್ಧಿ ಬೆಳೆಯದ ಮಕ್ಕಳನ್ನು ಆಗ ಹುಚ್ಚರೊಡನೆಯೇ ಕೂಡಿಹಾಕುತ್ತಿದ್ದರು. ಬರಿಯ ಗೋಡೆಗಳ ಆ ಕೊಠಡಿಯಲ್ಲಿ ಆಟಿಕೆಯಿಲ್ಲ, ಮುಟ್ಟಲು ಒಂದು ವಸ್ತುವಿಲ್ಲ. ಊಟವಾದ ಮೇಲೆ ಮಕ್ಕಳು ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ತಡಕಾಡುತ್ತಿದ್ದವು. ಅದು ಹೊಟ್ಟೆಬಾಕತನವೆಂದು ಅಲ್ಲಿನ ಆಳು ಹೇಸಿಕೊಂಡಳು. ವೈದ್ಯೆಗೆ ಬೇರೆಯೇ ಕಂಡಿತು. ಹಸಿದುದು ಹೊಟ್ಟೆಯಲ್ಲ, ಕೈ! ಹಿಡಿಯಲು, ಹೊರಳಿಸಲು, ಅರಿಯಲು ಏನಾದರೂ ಬೇಕೆಂದು ಆ ಕೈಗಳು ಹುಡುಕುತ್ತಿದ್ದವು. ಇಂಥ ಮಕ್ಕಳಿಗೆ ಮದ್ದಿಗಿಂತ ವಿದ್ಯೆ ಬೇಕೆಂದು ಅವರಿಗೆ ಹೊಳೆಯಿತು. ಫ್ರಾನ್ಸಿನ ಇತಾರ್ ಮತ್ತು ಸೆಗಾಂ ಎಂಬ ಇಬ್ಬರು ವೈದ್ಯರು ಹಿಂದೆ ಇದೇ ವಿಷಯವಾಗಿ ಬರೆದಿದ್ದ ಗ್ರಂಥಗಳನ್ನು ಇಟಾಲಿಯನ್ ಭಾಷೆಗೆ ತಿರುಗಿಸಿ ಸ್ವಂತ ಕೈಯಿಂದ ಬರೆದುಕೊಂಡರು. 1900ರಲ್ಲಿ ರೋಮಿನಲ್ಲಿ ಅಂಥ ಮಕ್ಕಳಿಗಾಗಿ ಶಾಲೆಯೊಂದು ತೆರೆದಾಗ ಅದರ ನಿರ್ದೇಶಕರಲ್ಲಿ ಒಬ್ಬರಾಗಿ ಬೆಳಗಿನಿಂದ ಸಂಜೆಯವರೆಗೆ ದುಡಿದರು. ಅವರು ಕಲಿಸಿದ ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಮಕ್ಕಳೊಡನೆ ಓದು ಬರಹದ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಜನ ಬೆರಗಾದರು. ಆದರೆ ಮಾಂಟೆಸ್ಸೊರಿಯವರಿಗೆ ಬೆರಗಾದುದು ಬೇರೊಂದು: ಈ ಮಕ್ಕಳೇ ಇಷ್ಟು ಕಲಿಯುವುದಾದರೆ, ಆರೋಗ್ಯವಂತರಾದ ಮಕ್ಕಳನ್ನು ಇವರ ಮಟ್ಟಕ್ಕೆ ಇಳಿಸಿರುವುದು ಯಾವುದು?

ಇದೇ ವರ್ಷಗಳಲ್ಲಿ ಲೋಕಕ್ಕೆ ತಿಳಿಯದ ಒಂದು ದುಃಖ ಅವರ ಬಾಳಿನಲ್ಲಿ ನಡೆಯಿತು. ತಮ್ಮೊಡನೆ ಕೆಲಸ ಮಾಡುತ್ತಿದ್ದ ಡಾಕ್ಟರ್ ಜುಸೆಪ್ಪೆ ಮೋಂತೆಸಾನೊ ಅವರಲ್ಲಿ ಹುಟ್ಟಿದ ಸ್ನೇಹ ಪ್ರೇಮವಾಗಿ, 1898ರ ಮಾರ್ಚ್ 31ರಂದು ಮಾರಿಯೊ ಎಂಬ ಗಂಡು ಮಗು ಜನಿಸಿತು. ಮದುವೆ ಕೂಡಿಬರಲಿಲ್ಲ; ಮುಂದೆ ಮೋಂತೆಸಾನೊ ಬೇರೊಬ್ಬರನ್ನು ವಿವಾಹವಾದರು. ಮದುವೆಯಿಲ್ಲದೆ ತಾಯಿಯಾದವಳಿಗೆ ಅಂದಿನ ಸಮಾಜದಲ್ಲಿ ಸ್ಥಾನವಿರಲಿಲ್ಲ. ಸಂಗತಿ ಹೊರಬಿದ್ದರೆ ಕಷ್ಟದಿಂದ ಗಳಿಸಿದ ವೃತ್ತಿಯೂ ಇಲ್ಲವಾಗುತ್ತಿತ್ತು. ಮಗುವನ್ನು ರೋಮಿನ ಹೊರಗೆ ಹಳ್ಳಿಯೊಂದರಲ್ಲಿ ಸಾಕುತಾಯಿಯ ಕೈಗೆ ಒಪ್ಪಿಸಲಾಯಿತು. ಮಾಂಟೆಸ್ಸೊರಿ ಆಗಾಗ ಹೋಗಿ ನೋಡಿ ಬರುತ್ತಿದ್ದರು. ತಾನು ತಾಯಿಯೆಂದು ಮಾತ್ರ ಹೇಳಿಕೊಳ್ಳುವಂತಿರಲಿಲ್ಲ. ಮಗು ಮೊದಲ ಹೆಜ್ಜೆಯಿಟ್ಟುದನ್ನಾಗಲಿ, ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡುದನ್ನಾಗಲಿ ದಿನದಿನವೂ ನೋಡಿ ಹಿಗ್ಗುವ ಸುಖ ಆಕೆಗೆ ಸಿಕ್ಕಲಿಲ್ಲ. 1901ರಲ್ಲಿ ಆ ಶಾಲೆಯನ್ನು ಬಿಟ್ಟು, ತತ್ತ್ವಶಾಸ್ತ್ರ ಮನಶ್ಶಾಸ್ತ್ರಗಳನ್ನು ಓದಲು ವಿಶ್ವವಿದ್ಯಾನಿಲಯಕ್ಕೆ ಮತ್ತೆ ವಿದ್ಯಾರ್ಥಿನಿಯಾಗಿ ಸೇರಿದರು.

ರೋಮಿನ ಸಾನ್ ಲೊರೆಂಜೊ ಎಂಬುದು ಕಡುಬಡವರ ಕೇರಿ. ಅಲ್ಲಿನ ದೊಡ್ಡ ದೊಡ್ಡ ವಠಾರಗಳನ್ನು ಗೃಹನಿರ್ಮಾಣ ಸಂಘವೊಂದು ದುರಸ್ತಿ ಮಾಡಿಸಿ ಕೂಲಿಕಾರರ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿಗಳು ಬೆಳಗಾಗುತ್ತಲೇ ಕೂಲಿಗೆ ಹೋಗುವರು. ಹಿರಿಯ ಮಕ್ಕಳು ಶಾಲೆಗೆ ಹೋಗುವರು. ಉಳಿದ ಪುಟ್ಟ ಮಕ್ಕಳು ಮೆಟ್ಟಿಲುಗಳ ಮೇಲೆ ಅಲೆಯುತ್ತ, ಹೊಸದಾಗಿ ಸುಣ್ಣ ಬಳಿದ ಗೋಡೆಗಳನ್ನು ಹಾಳುಮಾಡುವರು. ಗೋಡೆ ರಿಪೇರಿಗೆ ಕೊಡುವ ಹಣದಲ್ಲಿ ಈ ಮಕ್ಕಳನ್ನು ಒಂದು ಕೊಠಡಿಯಲ್ಲಿ ನೋಡಿಕೊಳ್ಳುವುದು ಲೇಸೆಂದು ಸಂಘದ ಮುಖ್ಯಸ್ಥ ಎದೊವಾರ್ದೊ ತಲಾಮೊ ಯೋಚಿಸಿ ಮಾಂಟೆಸ್ಸೊರಿಯವರನ್ನು ಕರೆದರು. ಗೋಡೆ ಉಳಿಸಲು ಹುಟ್ಟಿದ ಆಲೋಚನೆಯೇ ಜಗತ್ತಿನ ಶಿಕ್ಷಣದ ಇತಿಹಾಸದಲ್ಲಿ ಹೊಸ ಅಧ್ಯಾಯವಾಯಿತು! 1907ರ ಜನವರಿ 6ರಂದು ಸುಮಾರು 50 ಮಕ್ಕಳೊಡನೆ ಆ ಕೊಠಡಿ ತೆರೆಯಿತು. ಅದಕ್ಕೆ ಶಾಲೆಯೆಂಬ ಹೆಸರನ್ನಿಡಲಿಲ್ಲ; ಮಕ್ಕಳ ಮನೆ ಎಂದು ಕರೆದರು. ಕಲಿಸಲು ಬಂದವಳು ವಠಾರದ ದ್ವಾರಪಾಲಕನ ಮಗಳು. ಉಪಾಧ್ಯಾಯ ವೃತ್ತಿಯ ಶಿಕ್ಷಣವಿಲ್ಲದ ಹುಡುಗಿ.

ಈ ಹೆಸರಿನಲ್ಲಿಯೇ ಆ ಪದ್ಧತಿಯ ಮರ್ಮವಿದೆ. ಮಕ್ಕಳ ಮನೆಯು ತಾಯಂದಿರ ಮನೆಯ ಮೆಟ್ಟಿಲ ಕೆಳಗೇ ಇತ್ತು. ತಾಯಿ ಬೇಕೆಂದಾಗ ಬಂದು ನೋಡಬಹುದಾಗಿತ್ತು. ಶುಲ್ಕವಿರಲಿಲ್ಲ. ಆದರೆ ಮಗುವನ್ನು ಮಡಿಯಾಗಿ ಕಳುಹಿಸಬೇಕು, ವಾರಕ್ಕೊಮ್ಮೆಯಾದರೂ ಬಂದು ಉಪಾಧ್ಯಾಯಿನಿಯೊಡನೆ ಮಗುವಿನ ವಿಷಯ ಮಾತಾಡಬೇಕು ಎಂಬ ಕಟ್ಟಳೆಯಿತ್ತು. ಮನೆಯಲ್ಲೊಂದು ರೀತಿ, ಶಾಲೆಯಲ್ಲೊಂದು ರೀತಿಯಾದರೆ ಮಗು ಎರಡು ದೋಣಿಯ ಮೇಲೆ ಕಾಲಿಟ್ಟಂತಾಗುವುದೆಂದು ಮಾಂಟೆಸ್ಸೊರಿಯವರು ಅರಿತಿದ್ದರು.

ಮುಂದಿನ ದಿನಗಳಲ್ಲಿ ಅವರು ಮಕ್ಕಳಿಗೆ ಕಲಿಸಿದುದಕ್ಕಿಂತ ಮಕ್ಕಳಿಂದ ಕಲಿತುದೇ ಹೆಚ್ಚು. ಮರದ ದಿಮ್ಮಿಯೊಂದರಲ್ಲಿ ಬೇರೆ ಬೇರೆ ಅಳತೆಯ ಹತ್ತು ಗುಳಿಗಳು. ಅವುಗಳಿಗೆ ಸರಿಹೊಂದುವ ಹತ್ತು ಉರುಳೆಗಳು. ಮೂರು ವರ್ಷದ ಹುಡುಗಿಯೊಬ್ಬಳು ಅವನ್ನು ತೆಗೆದು ಹಾಕುತ್ತ ಕುಳಿತಿದ್ದಳು. ಉಳಿದ ಮಕ್ಕಳಿಂದ ಅವಳ ಸುತ್ತ ಹಾಡಿಸಿದರೂ ಅವಳು ಕತ್ತೆತ್ತಲಿಲ್ಲ. ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಕೈಕೆಲಸ ಬಿಡಲಿಲ್ಲ. 40ಕ್ಕೂ ಹೆಚ್ಚು ಸಲ ಮಾಡಿದ ಮೇಲೆ ನಿದ್ದೆಯಿಂದೆದ್ದವಳಂತೆ ನಗುತ್ತ ತಾನಾಗಿಯೇ ನಿಲ್ಲಿಸಿದಳು. ಮಕ್ಕಳಿಗೆ ಏಕಾಗ್ರತೆಯಿಲ್ಲವೆಂಬುದು ದೊಡ್ಡವರ ಭ್ರಮೆಯೆಂದು ಅಂದು ಸ್ಥಿರವಾಯಿತು. ಇನ್ನೊಂದು ದಿನ ಬೀರುವಿಗೆ ಬೀಗ ಹಾಕಲು ಮರೆತುಹೋಗಿತ್ತು. ಮಕ್ಕಳು ತಮಗೆ ಬೇಕಾದುದನ್ನು ತಾವೇ ತೆಗೆದುಕೊಂಡು ಕೆಲಸದಲ್ಲಿ ತೊಡಗಿದ್ದವು. ಮಾಂಟೆಸ್ಸೊರಿ ಅದನ್ನು ಕಳ್ಳತನವೆನ್ನಲಿಲ್ಲ. ಬೀಗದ ಬೀರುವಿಗೆ ಬದಲಾಗಿ ಮಕ್ಕಳ ಕೈಗೆಟಕುವ ತಗ್ಗಿನ ಅಲಮಾರುಗಳನ್ನು ಮಾಡಿಸಿದರು. ಮೂಗು ಒರೆಸಿಕೊಳ್ಳುವ ಬಗೆಯನ್ನು ಒಂದು ದಿನ ಸಾವಧಾನವಾಗಿ ತೋರಿಸಿಕೊಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದವು. ಆ ವಿಷಯಕ್ಕೆ ಅವುಗಳನ್ನು ಬೈದವರೇ ಎಲ್ಲರೂ. ಮರ್ಯಾದೆಯಿಂದ ಹೇಳಿಕೊಟ್ಟವರು ಆವರೆಗೆ ಒಬ್ಬರೂ ಇರಲಿಲ್ಲ.

ಅಕ್ಷರವನ್ನು ಇಷ್ಟು ಬೇಗ ಕಲಿಸುವ ಯೋಚನೆ ಮಾಂಟೆಸ್ಸೊರಿಯವರಿಗೆ ಇರಲಿಲ್ಲ. ಅದನ್ನು ಬೇಡಿದವರು ಆ ಕೇರಿಯ ತಾಯಂದಿರು. ತಮಗಿಲ್ಲದ ವಿದ್ಯೆ ಮಕ್ಕಳಿಗಾದರೂ ಬರಲೆಂದು ಅಂಗಲಾಚಿದಾಗ ಅವರಿಗೆ ಇಲ್ಲವೆನ್ನಲು ಮನಸ್ಸಾಗಲಿಲ್ಲ. ದುಬಾರಿಯ ಅಚ್ಚುಗಳನ್ನು ಮಾಡಿಸಲು ಹಣವಿಲ್ಲ. ಬಡಗಿಗಳು ಮರ ಉಜ್ಜುವ ಉಪ್ಪುಕಾಗದವನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ರಟ್ಟಿನ ಮೇಲೆ ಅಂಟಿಸಿದರು. ಮಗು ಅದರ ಮೇಲೆ ಬೆರಳಾಡಿಸುತ್ತ ಆ ಅಕ್ಷರದ ದನಿಯನ್ನು ಕೇಳಬೇಕು, ತಾನೂ ಹೇಳಬೇಕು. ನಮ್ಮ ಹಿಂದಿನ ಕಾಲದ ಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದುದನ್ನು ಬಲ್ಲವರಿಗೆ ಈ ಉಪಾಯ ಅಪರಿಚಿತವೆನಿಸದು. ಕೆಲವು ತಿಂಗಳು ಕಳೆದ ಮೇಲೆ ಚಳಿಗಾಲದ ಒಂದು ದಿನ ಮಹಡಿಯ ಮೇಲೆ ಹುಡುಗನೊಬ್ಬನ ಕೈಗೆ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬರೆಯೆಂದರು. ಚಿತ್ರವಾದ ಮೇಲೆ ಅವನು ಥಟ್ಟನೆ ಒಂದು ಪದವನ್ನೂ ಬರೆದುಬಿಟ್ಟ; ತನಗೆ ಬರೆಯಲು ಬರುತ್ತದೆಂದು ಕೂಗಿಕೊಂಡ. ಇತರ ಮಕ್ಕಳೂ ಸೀಮೆಸುಣ್ಣಕ್ಕಾಗಿ ಕೈಯೊಡ್ಡಿದವು. ಆಮೇಲೆ ನೆಲ, ಬಾಗಿಲು, ಮನೆಯ ಗೋಡೆ, ಎಲ್ಲೆಲ್ಲೂ ಬರೆಹವೇ!

ಈ ಪದ್ಧತಿಯಂತೆ ಮೂರರಿಂದ ಆರು ವರ್ಷದ ಮಗುವಿನ ದಿನ ಹೇಗಿರುತ್ತದೆಂಬುದನ್ನು ಸ್ವಲ್ಪ ವಿವರಿಸುವುದು ಉಚಿತ. ಮೊದಲನೆಯದು ನಿತ್ಯಜೀವನದ ಕೆಲಸ. ಮುಖ ತೊಳೆಯುವುದು, ಗುಂಡಿ ಹಾಕುವುದು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಚೆಲ್ಲದೆ ನೀರು ಹೊಯ್ಯುವುದು, ನೆಲ ಗುಡಿಸುವುದು, ಊಟಕ್ಕೆ ತಟ್ಟೆಯಿಡುವುದು. ಮೇಜು, ಕುರ್ಚಿ, ಪೊರಕೆ ಎಲ್ಲವೂ ಮಗುವಿನ ಅಳತೆಗೆ ಇರಬೇಕು. ಆದರೆ ಅವು ಆಟದ ಸಾಮಾನಲ್ಲ, ನಿಜವಾದವು; ತಟ್ಟೆ ಪಿಂಗಾಣಿಯದು, ಲೋಟ ಗಾಜಿನದು. ಬಿದ್ದರೆ ಒಡೆಯುತ್ತದೆ; ಒಡೆದ ತಟ್ಟೆ ಕಲಿಸುವ ಎಚ್ಚರವನ್ನು ಹತ್ತು ಬೈಗುಳು ಕಲಿಸಲಾರವು. ಎರಡನೆಯದು ಇಂದ್ರಿಯಗಳ ತರಬೇತು. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನ ಹತ್ತು ಗುಲಾಬಿ ಬಣ್ಣದ ಘನಗಳನ್ನು ಒಂದರ ಮೇಲೊಂದಿಟ್ಟು ಗೋಪುರ ಕಟ್ಟುವುದು ಇದಕ್ಕೆ ಉದಾಹರಣೆ. ತಪ್ಪಾದರೆ ಗೋಪುರವೇ ಹೇಳುತ್ತದೆ, ತಾಯಿ ಹೇಳಬೇಕಾಗಿಲ್ಲ. ಮೂರನೆಯದು ಭಾಷೆ ಮತ್ತು ಲೆಕ್ಕ. ಒಂದು ಮಣಿ, ಹತ್ತು ಮಣಿಗಳ ಕಡ್ಡಿ, ನೂರರ ಚೌಕ, ಸಾವಿರದ ಘನ ಎಂದು ಎಣಿಕೆಯು ಕೈಗೆ ಸಿಕ್ಕುವ ಪದಾರ್ಥವಾಗುತ್ತದೆ. ಹೆಸರು ಕಲಿಸುವಾಗ ಮೊದಲು ವಸ್ತುವನ್ನು ತೋರಿಸಿ ಹೆಸರು ಹೇಳುವುದು, ಅನಂತರ ಹೆಸರು ಹೇಳಿ ವಸ್ತುವನ್ನು ತೋರಿಸೆನ್ನುವುದು, ಕೊನೆಗೆ ವಸ್ತುವನ್ನು ತೋರಿಸಿ ಹೆಸರು ಕೇಳುವುದು. ಮಗು ತಪ್ಪಿದರೆ ತಿದ್ದಿ ನೋಯಿಸದೆ, ಅಂದಿಗೆ ಸಾಕೆಂದು ಬಿಟ್ಟು ಇನ್ನೊಂದು ದಿನ ತೊಡಗುವುದು.

ಇಷ್ಟನ್ನೂ ಯಾವ ತಾಯಿಯಾದರೂ ಕಲಿಯಬಹುದು. ಕಷ್ಟವಿರುವುದು ಬೇರೆಡೆ. ಅಂಗಿಯ ಗುಂಡಿ ಹಾಕಲು ತಾಯಿಗೆ ಅರೆನಿಮಿಷ ಸಾಕು. ಮಗುವಿಗೆ ಕಾಲುಗಂಟೆ ಬೇಕು. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ತಂದೆಗೆ ಕಚೇರಿಯ ಹೊತ್ತಾಗಿದೆ. ಅಂಥ ಹೊತ್ತಿನಲ್ಲಿ ಕೈ ತಾನಾಗಿ ಗುಂಡಿಯ ಕಡೆ ಹೋಗುತ್ತದೆ. ಆ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೇ ಮಾಂಟೆಸ್ಸೊರಿ ಪದ್ಧತಿಯ ಮುಖ್ಯ ಪಾಠ. ಮಗು ತಾನೇ ಮಾಡಬಲ್ಲುದನ್ನು ನಾವು ಮಾಡಿಕೊಟ್ಟರೆ ಅದು ಉಪಕಾರವಲ್ಲ, ಅಡ್ಡಿ ಎಂಬುದು ಅವರ ಸಿದ್ಧಾಂತ. ಮಗುವನ್ನು ಮನಬಂದಂತೆ ಬಿಡುವುದೂ ಅವರಿಗೆ ಸಮ್ಮತವಲ್ಲ. ಮನೆಯನ್ನು ಅಣಿಗೊಳಿಸುವವಳು ತಾಯಿ. ಅದರೊಳಗೆ ಆರಿಸಿಕೊಳ್ಳುವುದು ಮಗು.

1909ರಲ್ಲಿ ಈ ಅನುಭವಗಳನ್ನು ಗ್ರಂಥರೂಪಕ್ಕೆ ತಂದ ಮೇಲೆ ಕೀರ್ತಿ ಸಮುದ್ರವನ್ನು ದಾಟಿತು. ಅಮೆರಿಕದ ಲೇಖಕಿ ಡೊರೊಥಿ ಕ್ಯಾನ್‌ಫೀಲ್ಡ್ ಫಿಷರ್ ಎಂಬಾಕೆ ರೋಮಿಗೆ ಹೋಗಿ ಮಕ್ಕಳ ಮನೆಯನ್ನು ಕಂಡು ಬಂದು, ತಾಯಂದಿರು ಇದನ್ನು ಮನೆಯಲ್ಲಿ ಹೇಗೆ ನಡೆಸಬಹುದೆಂದು 1912ರಲ್ಲಿ ಪುಸ್ತಕ ಬರೆದಳು. ಟೆಲಿಫೋನ್ ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ ದಂಪತಿಗಳು ಅದೇ ವರ್ಷ ತಮ್ಮ ಮನೆಯಲ್ಲಿಯೇ ಮೊಮ್ಮಕ್ಕಳಿಗಾಗಿ ಇಂಥ ತರಗತಿಯನ್ನು ತೆರೆದರು. ಆ ವರ್ಷದ ಕೊನೆಯಲ್ಲಿ ಮಾಂಟೆಸ್ಸೊರಿಯವರ ತಾಯಿ ತೀರಿಕೊಂಡರು. ಬಳಿಕ, ಹದಿನೈದರ ಹರೆಯದ ಮಾರಿಯೊ ತಾಯಿಯ ಬಳಿಗೆ ಬಂದು ಸೇರಿದನು. ಆದರೂ ಬಹುಕಾಲದವರೆಗೆ ಜನರೆದುರಿಗೆ ಅವನು ಸೋದರಳಿಯನೆಂದೇ ಪರಿಚಿತನಾಗಿರಬೇಕಾಯಿತು. ತನ್ನನ್ನು ದೂರವಿಟ್ಟ ತಾಯಿಯನ್ನು ಆತನು ದೂಷಿಸಲಿಲ್ಲ. ಆಕೆಯ ಕಾರ್ಯದರ್ಶಿಯಾಗಿ, ದುಭಾಷಿಯಾಗಿ, ಬಲಗೈಯಾಗಿ ಕೊನೆಯವರೆಗೂ ಜೊತೆಗಿದ್ದನು.

ಮಹಾತ್ಮರ ಬಾಳಿನಲ್ಲಿಯೂ ಪ್ರಶ್ನಾರ್ಹವಾದ ಹೆಜ್ಜೆಗಳಿರುತ್ತವೆ. ಇಟಲಿಯ ಸರ್ವಾಧಿಕಾರಿ ಮುಸೊಲಿನಿ 1924ರಲ್ಲಿ ನೀಡಿದ ಆಶ್ರಯವನ್ನು ಮಾಂಟೆಸ್ಸೊರಿ ಸ್ವೀಕರಿಸಿದರು. ಸ್ವತಂತ್ರವಾಗಿ ಆಲೋಚಿಸುವ ಮಕ್ಕಳೂ ಸರ್ವಾಧಿಕಾರವೂ ಒಂದೆಡೆ ಬಾಳಲಾರವಷ್ಟೆ. ಹತ್ತು ವರ್ಷಗಳಲ್ಲಿ ಸಂಬಂಧ ಮುರಿಯಿತು. 1934ರಲ್ಲಿ ಇಟಲಿಯ ಮಾಂಟೆಸ್ಸೊರಿ ಶಾಲೆಗಳು ಮುಚ್ಚಿದವು. ಸ್ಪೇನಿನಲ್ಲಿ ನೆಲೆಸಿದ್ದಾಗ 1936ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಂದ ಇಂಗ್ಲೆಂಡಿಗೆ, ಅಲ್ಲಿಂದ ಹಾಲೆಂಡಿಗೆ ಅಲೆಯಬೇಕಾಯಿತು.

ಆ ಹೊತ್ತಿಗೆ ನಮ್ಮ ದೇಶದಲ್ಲಿ ಅವರ ಬೀಜ ಮೊಳೆತಿತ್ತು. ಗುಜರಾತಿನ ವಕೀಲರಾದ ಗಿಜುಭಾಯಿ ಬಧೇಕರು 1913ರಲ್ಲಿ ಮಗ ಹುಟ್ಟಿದಾಗ, ಅವನಿಗೆ ಎಂಥ ವಿದ್ಯೆ ಕೊಡಲೆಂದು ಹುಡುಕುತ್ತ ಮಾಂಟೆಸ್ಸೊರಿ ಗ್ರಂಥಗಳಿಗೆ ಮಾರುಹೋದರು. ವಕೀಲಿಯನ್ನು ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಜನರ ಬಾಯಲ್ಲಿ ಮೀಸೆಯ ತಾಯಿ ಎನಿಸಿಕೊಂಡರು. ಅವರು ತೀರಿಕೊಂಡುದು 1939ರ ಜೂನಿನಲ್ಲಿ. ಮಾಂಟೆಸ್ಸೊರಿ ಭಾರತಕ್ಕೆ ಬಂದುದು ಅದೇ ವರ್ಷದ ನವೆಂಬರಿನಲ್ಲಿ. ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷರಾದ ಅರುಂಡೇಲರ ಆಹ್ವಾನದ ಮೇರೆಗೆ ಮದರಾಸಿನ ಅಡಯಾರಿಗೆ ಬಂದ ಅವರು ಸುಮಾರು 300 ಜನ ಶಿಕ್ಷಕರಿಗೆ ತರಬೇತು ಕೊಡತೊಡಗಿದರು. ಕೆಲವು ತಿಂಗಳುಗಳಿಗೆಂದು ಬಂದವರು ಯುದ್ಧದ ಕಾರಣ ವರ್ಷಗಟ್ಟಲೆ ಇಲ್ಲಿಯೇ ಉಳಿಯಬೇಕಾಯಿತು.

1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಸರ್ಕಾರ ಶತ್ರುದೇಶದವನೆಂದು ಮಾರಿಯೊನನ್ನು ಸೆರೆಯಲ್ಲಿಟ್ಟಿತು; ವೃದ್ಧೆಯನ್ನು ಅಡಯಾರಿನ ಆವರಣ ಬಿಟ್ಟು ಹೋಗದಂತೆ ಕಟ್ಟುಮಾಡಿತು. ಒಮ್ಮೆ ಸಮಾಜ ಕಿತ್ತುಕೊಂಡಿದ್ದ ಮಗನನ್ನು ಈಗ ಸಾಮ್ರಾಜ್ಯ ಕಿತ್ತುಕೊಂಡಂತಾಯಿತು. ಆದರೆ ಆಗಸ್ಟ್ 31ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಕಾಣಿಕೆಯಾಗಿ ವೈಸರಾಯರು ಮಾರಿಯೊನ ಬಿಡುಗಡೆಗೆ ಆಜ್ಞೆ ಮಾಡಿದರು. ಸೋದರಳಿಯನನ್ನಲ್ಲ, ಮಗನನ್ನೇ ಹಿಂದಿರುಗಿಸುತ್ತಿದ್ದೇವೆಂಬ ಅರ್ಥದ ಮಾತು ಆ ಸಂದೇಶದಲ್ಲಿತ್ತೆಂದು ಅವರ ಚರಿತ್ರಕಾರರು ಹೇಳುತ್ತಾರೆ. 1942ರಿಂದ ಸುಮಾರು ಎರಡು ವರ್ಷ ತಾಯಿ ಮಗ ಇಬ್ಬರೂ ಕೊಡೈಕಾನಲಿನ ತಂಪಿನಲ್ಲಿ ನೆಲೆಸಿ, ನಾನಾ ವಯಸ್ಸಿನ ಮಕ್ಕಳನ್ನು ಕೂಡಿಸಿಕೊಂಡು ಗಿಡ, ಪ್ರಾಣಿ, ಭೂಮಿ, ಆಕಾಶಗಳನ್ನೇ ಪಠ್ಯವಾಗಿ ಮಾಡಿ ಕಲಿಸಿದರು. ಇಲ್ಲಿ ಹಸುಗೂಸುಗಳು ತಾಯಿಯ ಸೊಂಟದ ಮೇಲೆ ಕುಳಿತು ಸಂತೆಯನ್ನೂ ಕೆಲಸವನ್ನೂ ನೋಡುತ್ತ ಬೆಳೆಯುವುದು ಅವರಿಗೆ ಬಹಳ ಹಿಡಿಸಿತು. ಹುಟ್ಟಿದಂದಿನಿಂದಲೇ ಮಗು ಸುತ್ತಲಿನದನ್ನು ಹೀರಿಕೊಳ್ಳುತ್ತದೆಂಬ ಅವರ ವಿಚಾರ ಅಹಮದಾಬಾದಿನ ಉಪನ್ಯಾಸಗಳಲ್ಲಿ ಹರಳುಗಟ್ಟಿತು. ಆ ಗ್ರಂಥ 1949ರಲ್ಲಿ ಅಡಯಾರಿನಲ್ಲಿಯೇ ಅಚ್ಚಾಯಿತು.

1946ರಲ್ಲಿ ಯೂರೋಪಿಗೆ ಹಿಂದಿರುಗಿದ ಅವರು ಮರುವರ್ಷ ಮತ್ತೆ ಬಂದು 1949ರವರೆಗೆ ಭಾರತದೊಡನೆ ನಂಟನ್ನು ಉಳಿಸಿಕೊಂಡರು. 1949ರಿಂದ ಮೂರು ವರ್ಷ ಸತತವಾಗಿ ಅವರ ಹೆಸರು ನೊಬೆಲ್ ಶಾಂತಿ ಪಾರಿತೋಷಕಕ್ಕೆ ಸೂಚಿತವಾಯಿತು, ದೊರೆಯಲಿಲ್ಲ. 1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೋರ್ಡ್‌ವೈಕ್ ಗ್ರಾಮದಲ್ಲಿ, ಆಫ್ರಿಕಕ್ಕೆ ಹೋಗಿ ಕಲಿಸುವ ವಿಚಾರವನ್ನು ಮಗನೊಡನೆ ಮಾತಾಡಿದ ದಿನವೇ, 81ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಉಯಿಲಿನಲ್ಲಿ ಮಾರಿಯೊನನ್ನು ತಮ್ಮ ಮಗನೆಂದು ಸ್ಪಷ್ಟವಾಗಿ ಬರೆದಿದ್ದರು.

ಇಂದು ನಮ್ಮ ಪಟ್ಟಣಗಳಲ್ಲಿ ಬೀದಿಗೊಂದು ಮಾಂಟೆಸ್ಸೊರಿ ಶಾಲೆಯ ಹಲಗೆ ಕಾಣುತ್ತದೆ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದಾದುದರಿಂದ ಒಳಗೆ ಮಕ್ಕಳು ಕೈಕಟ್ಟಿ ಕುಳಿತು ಪದ್ಯ ಒಪ್ಪಿಸುತ್ತಿದ್ದರೂ ಆಶ್ಚರ್ಯವಿಲ್ಲ. ಬಡ ಕೂಲಿಕಾರರ ಮಕ್ಕಳಿಗಾಗಿ ಹುಟ್ಟಿದ ಪದ್ಧತಿ ಎಷ್ಟೋ ಕಡೆ ಸಿರಿವಂತರ ಸೊತ್ತಾಗಿರುವುದು ಶೋಚನೀಯ. ದುಬಾರಿಯ ಉಪಕರಣಗಳಿಲ್ಲದೆ ಇದು ಸಾಧ್ಯವಿಲ್ಲವೆನ್ನುವವರು ಉಪ್ಪುಕಾಗದದ ಅಕ್ಷರಗಳನ್ನು ನೆನೆಯಬೇಕು. ಮಕ್ಕಳಿಗೆ ಮನೆಯಲ್ಲಿಯೇ ಕಲಿಸಲು ಹಂಬಲಿಸುವ ತಂದೆತಾಯಿಗಳು ಈಗ ಅಲ್ಲಲ್ಲಿ ಕಾಣುತ್ತಿದ್ದಾರೆ. ಅವರು ಕೊಳ್ಳಬೇಕಾದುದು ಕಡಮೆ, ಕಾಯಬೇಕಾದುದು ಹೆಚ್ಚು. ಒಂದು ತಗ್ಗಿನ ಅಲಮಾರು, ಒಂದು ಪುಟ್ಟ ಪೊರಕೆ, ಚೊಂಬು ಲೋಟ, ಒಂದಿಷ್ಟು ಕಾಳು ಯಾವ ಮನೆಯಲ್ಲಿಲ್ಲ? ಇಲ್ಲದಿರುವುದು ತಾಳ್ಮೆಯೊಂದೇ.

ನಮ್ಮ ಕಾಲೇಜಿನ ಸೋದರ ಸೋದರಿಯರಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು; ಬಹುಮಂದಿ ತಾಯಿತಂದೆಗಳಾಗುವವರು. ತನ್ನ ಮಗುವಿನ ಪಕ್ಕದಲ್ಲಿ ಕುಳಿತು, ಅದು ತನ್ನ ಗುಂಡಿಯನ್ನು ತಾನೇ ಹಾಕಿಕೊಳ್ಳುವವರೆಗೆ ಕಾಯುವ ಅವಕಾಶ ಮಾಂಟೆಸ್ಸೊರಿಯವರಿಗೆ ಸಿಕ್ಕಲಿಲ್ಲ. ಅದು ನಮಗೆ ಸಿಕ್ಕೀತು. ಹೊತ್ತಾಯಿತೆಂದು ಆ ಕಾಲುಗಂಟೆಯನ್ನು ಮಗುವಿನಿಂದ ಕಸಿದುಕೊಳ್ಳದಿರುವುದೇ ಆ ತಾಯಿಗೆ ನಾವು ಸಲ್ಲಿಸಬಹುದಾದ ಗೌರವ.